ಸೂಜಿಗಿಂತ ಮೊದಲು ಕೇಳಿದ ಮಾತು

ಚಚಡಿಯ ಎರೆ ಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ತೆನೆ ಬಿಡುವ ಹೊತ್ತಿಗೆ ಓದುವ ಮಕ್ಕಳ ಮನೆಗಳಲ್ಲಿ ಪರೀಕ್ಷೆಯ ಚಿಂತೆಯೂ ತಲೆ ಎತ್ತುತ್ತದೆ. ಆ ವರ್ಷ ಊರಿನ ಒಂದು ಮನೆಯಲ್ಲಿ ಚಿಂತೆ ಎರಡು ಪಟ್ಟಾಗಿತ್ತು. ಬೈಲಹೊಂಗಲಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಪಿಯುಸಿ ಎರಡನೇ ವರ್ಷದ ವಿಜ್ಞಾನ ಓದುತ್ತಿದ್ದ ಮಗಳು, ತಿಂಗಳಿಗೆ ಎರಡು ದಿನ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಮೊಣಕಾಲನ್ನು ಎದೆಗೆ ಒತ್ತಿಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುವಳು. ಒಮ್ಮೆ ಕಾಲೇಜಿನ ಪೂರ್ವಸಿದ್ಧತಾ ಪರೀಕ್ಷೆಯ ರಸಾಯನಶಾಸ್ತ್ರದ ದಿನವೇ ಈ ನೋವು ಬಂದು, ಆ ಪೇಪರು ಹಾಗೆಯೇ ಉಳಿಯಿತು.

ತಾಯಿ ತನಗೆ ಗೊತ್ತಿದ್ದುದನ್ನೆಲ್ಲ ಮಾಡಿದಳು. ಓಂಕಾಳಿನ ಕಷಾಯ ಕುದಿಸಿ ಕುಡಿಸಿದಳು. ಹಂಚಿನ ಮೇಲೆ ಅರಿವೆ ಕಾಯಿಸಿ ಹೊಟ್ಟೆಗೆ ಶಾಖ ಕೊಟ್ಟಳು. ಅಷ್ಟಾದರೂ ಮಗಳು ನರಳಿದಾಗ ಹೇಳುತ್ತಿದ್ದುದು ಒಂದೇ ಮಾತು: “ಹೆಣ್ಣಾಗಿ ಹುಟ್ಟಿದ ಮ್ಯಾಲೆ ತಡಕೋಬೇಕವ್ವಾ. ನಾವೇನ ತಡಕೊಳ್ಳಲಿಲ್ಲೇನು?”

ಈ ಮಾತು ಚಚಡಿಯದೊಂದೇ ಅಲ್ಲ. ಕರ್ನಾಟಕದ ಯಾವ ಊರಿನ ಯಾವ ಅಡುಗೆಮನೆಯಲ್ಲಿ ಕಿವಿಗೊಟ್ಟರೂ ಕೇಳಿಸುವಂಥದು. ತಾಯಿ ಇದನ್ನು ಕಠಿಣಳಾಗಿ ಹೇಳುವುದಿಲ್ಲ. ತನಗೆ ಯಾರೂ ಬೇರೆ ಮಾತು ಹೇಳಲಿಲ್ಲವಾದ್ದರಿಂದ ಹೇಳುತ್ತಾಳೆ.

ಆಗಲೇ ಸೊಲ್ಲಾಪುರದಲ್ಲಿದ್ದ ಚಿಗವ್ವನ ಫೋನು ಬಂದಿತು. “ಅಕ್ಕಾ, ಸಂಕ್ರಾಂತಿಗೆ ಸಿದ್ಧರಾಮೇಶ್ವರ ಜಾತ್ರಿಗೆ ಬಾ. ಕೂಸಿನ್ನೂ ಕರಕೊಂಡ ಬಾ. ಇಲ್ಲಿ ಒಬ್ಬ ಡಾಕ್ಟರಬಾಯಾರು ಚೀನಾದ ಸೂಜಿ ಚುಚ್ಚತಾರ. ನನ್ನ ಮೊಣಕಾಲು ನೋವು ಅವರಿಂದಾನ ಕಡಿಮಿ ಆತು.”

ಸೂಜಿಯೆಂದರೆ ಮಗಳಿಗೆ ಹೆದರಿಕೆ. ಚೀನಾ ಎಂದರೆ ತಾಯಿಗೆ ಅಪನಂಬಿಕೆ. ಆದರೂ ಜಾತ್ರೆಯ ನೆಪವಿತ್ತು. ಯರಗಟ್ಟಿಗೆ ಬಂದು, ಅಲ್ಲಿಂದ ವಿಜಯಪುರ ದಾಟಿ ಸೊಲ್ಲಾಪುರದ ಹಾದಿ ಹಿಡಿದರು.

<b>ಸೊನ್ನಲಿಗೆಯ ಡಾಕ್ಟರು</b>

ಸೊಲ್ಲಾಪುರ ನಮಗೆ ಪರ ಊರಲ್ಲ. ವಚನಕಾರ ಸಿದ್ಧರಾಮನ ಸೊನ್ನಲಿಗೆ ಅದು. ಮರಾಠಿ, ತೆಲುಗಿನ ಜತೆಗೆ ಕನ್ನಡವೂ ಅಲ್ಲಿನ ಓಣಿಗಳಲ್ಲಿ ಇಂದಿಗೂ ಮನೆಮಾತು. ಇದೇ ಊರಿನಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೊಟ್ನಿಸರ ಹೆಸರನ್ನು ಚೀನದ ಜನ ಈಗಲೂ ಮರೆತಿಲ್ಲ. ಜಪಾನಿನ ದಾಳಿಗೆ ತತ್ತರಿಸಿದ್ದ ಚೀನಕ್ಕೆ 1938ರಲ್ಲಿ ಭಾರತದ ರಾಷ್ಟ್ರೀಯ ಕಾಂಗ್ರೆಸ್ಸು ಕಳುಹಿಸಿದ ಐವರು ವೈದ್ಯರಲ್ಲಿ ಕೊಟ್ನಿಸರೂ ಒಬ್ಬರು. ರಣರಂಗದ ಪಕ್ಕದಲ್ಲೇ ಶಸ್ತ್ರಚಿಕಿತ್ಸೆ ಮಾಡುತ್ತ, ಚೀನೀ ಭಾಷೆ ಕಲಿತು, ಗುವೋ ಚಿಂಗ್‌ಲಾನ್ ಎಂಬ ಚೀನೀ ದಾದಿಯನ್ನು ಮದುವೆಯಾಗಿ, 1942ರ ಡಿಸೆಂಬರಿನಲ್ಲಿ ತಮ್ಮ 32ನೆಯ ವಯಸ್ಸಿನಲ್ಲಿ ಅಲ್ಲೇ ಕಣ್ಣು ಮುಚ್ಚಿದರು. ವಿ. ಶಾಂತಾರಾಮ್ 1946ರಲ್ಲಿ ತೆಗೆದ ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’ ಚಿತ್ರ ಅವರ ಕಥೆಯೇ.

ಕೊಟ್ನಿಸರು ಸೂಜಿ ಚಿಕಿತ್ಸಕರಲ್ಲ, ಶಸ್ತ್ರವೈದ್ಯರು. ಆದರೆ ಅದೇ ತಂಡದಲ್ಲಿದ್ದ ಬಂಗಾಳದ ಡಾ. ಬಿಜಯ ಕುಮಾರ ಬಸು ಮಾತ್ರ 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಕ್ಕೆ ಹೋಗಿ ಆಕ್ಯುಪಂಕ್ಚರ್ ಕಲಿತು ಬಂದರು. ಕಲಕತ್ತೆಯಲ್ಲಿ ಆ ಚಿಕಿತ್ಸೆ ಆರಂಭಿಸಿ, ಇತರ ವೈದ್ಯರಿಗೂ ಕಲಿಸಿದರು. ಮಡಿದ ಗೆಳೆಯನ ಹೆಸರು ಈ ವಿದ್ಯೆಯ ಜತೆಗೆ ಉಳಿಯಿತು. ಪಂಜಾಬಿನ ಲೂಧಿಯಾನದಲ್ಲಿ ಕೊಟ್ನಿಸರ ಹೆಸರಿನದೇ ಆಕ್ಯುಪಂಕ್ಚರ್ ಆಸ್ಪತ್ರೆಯಿದೆ. ಹೀಗೆ ಚೀನದ ಸೂಜಿ ನಮ್ಮ ದೇಶಕ್ಕೆ ಬಂದ ಹಾದಿಯಲ್ಲಿ ಸೊಲ್ಲಾಪುರದ ಹೆಜ್ಜೆಯೂ ಇದೆ. ಜಾತ್ರೆಯ ಮರುದಿನ ಚಿಗವ್ವ ಇಬ್ಬರಿಗೂ ಕೊಟ್ನಿಸರ ಸ್ಮಾರಕ ತೋರಿಸಿಯೇ ಡಾಕ್ಟರಬಾಯಿಯವರ ಕಡೆ ಕರೆದುಕೊಂಡು ಹೋದಳು.

<b>ಹತ್ತು ಪ್ರಶ್ನೆಗಳು</b>

ಒಳಗೆ ಹೋದ ಕೂಡಲೇ ಸೂಜಿ ಚುಚ್ಚುತ್ತಾರೆಂದು ಮಗಳು ಹಲ್ಲು ಕಚ್ಚಿ ಕೂತಿದ್ದಳು. ಆ ವಯಸ್ಸಾದ ವೈದ್ಯೆ ಸೂಜಿ ಮುಟ್ಟಲೇ ಇಲ್ಲ. ನಾಲಿಗೆ ತೋರಿಸೆಂದರು. ಎರಡೂ ಕೈಗಳ ನಾಡಿ ಹಿಡಿದರು. ಆಮೇಲೆ ಕೇಳತೊಡಗಿದರು. ಚಳಿ ಹೆಚ್ಚೋ ಸೆಕೆ ಹೆಚ್ಚೋ? ನಿದ್ದೆ ಹೇಗೆ? ಊಟ ರುಚಿಸುತ್ತದೆಯೇ? ಮುಟ್ಟು ಎಷ್ಟು ದಿನಕ್ಕೊಮ್ಮೆ, ಎಷ್ಟು ದಿನ? ನೋವು ಮುಂಚೆ ಬರುತ್ತದೋ ಆಮೇಲೋ? ದಿನಕ್ಕೆ ಎಷ್ಟು ಬಟ್ಟೆ ಬದಲಿಸಬೇಕಾಗುತ್ತದೆ? ರಕ್ತದ ಗಡ್ಡೆ ಹೋಗುತ್ತದೆಯೇ? ಮುಟ್ಟಿಲ್ಲದ ದಿನಗಳಲ್ಲಿಯೂ ನೋವಿದೆಯೇ?

ಮಗಳು ನೆಲ ನೋಡುತ್ತ, ಒಂದೊಂದೇ ಉತ್ತರ ಕೊಟ್ಟಳು. ಪಕ್ಕದಲ್ಲಿದ್ದ ತಾಯಿ ಬೆರಗಾಗಿ ಕೇಳುತ್ತಿದ್ದಳು. ಇವುಗಳಲ್ಲಿ ಒಂದು ಪ್ರಶ್ನೆಯನ್ನೂ ಅವಳು ತಾನಾಗಿ ಎಂದೂ ಕೇಳಿರಲಿಲ್ಲ.

ಚೀನೀ ಪಾರಂಪರಿಕ ವೈದ್ಯದಲ್ಲಿ ಈ ಕೇಳುವ ಕೆಲಸಕ್ಕೆ ಬಹಳ ಹಿಂದಿನಿಂದ ದೊಡ್ಡ ಸ್ಥಾನವಿದೆ. ರೋಗಿಗೆ ಕೇಳಬೇಕಾದ ‘ಹತ್ತು ಪ್ರಶ್ನೆ’ಗಳನ್ನು ಪದ್ಯ ಕಟ್ಟಿ ವಿದ್ಯಾರ್ಥಿಗಳಿಂದ ಬಾಯಿಪಾಠ ಮಾಡಿಸುವ ರೂಢಿ ಹದಿನೇಳನೆಯ ಶತಮಾನದಿಂದ ಬಂದಿದೆ; ಹೆಣ್ಣುಮಕ್ಕಳ ಮುಟ್ಟಿನ ಪ್ರಶ್ನೆಯೂ ಮುಂದೆ ಅದರೊಳಗೆ ಸೇರಿತು. ಏಳನೆಯ ಶತಮಾನದ ವೈದ್ಯ ಸುನ್ ಸಿಮ್ಯಾವ್ ತನ್ನ ಔಷಧ ಗ್ರಂಥದಲ್ಲಿ ಹೆಂಗಸರ ರೋಗಗಳ ಭಾಗವನ್ನು ಉಳಿದೆಲ್ಲ ರೋಗಗಳಿಗಿಂತ ಮುಂದೆ ಇರಿಸಿದ.

ಇನ್ನೂ ಸ್ವಾರಸ್ಯದ ಕಥೆ ತಾನ್ ಯುನ್‌ಷ್ಯನ್ ಎಂಬ ವೈದ್ಯೆಯದು. 1461ರಲ್ಲಿ ಹುಟ್ಟಿದ ಈಕೆಗೆ ವೈದ್ಯ ಕಲಿಸಿದವಳು ಅವಳ ಅಜ್ಜಿ. ಗಂಡಸು ವೈದ್ಯರ ಮುಂದೆ ಬಾಯಿ ಬಿಡಲು ನಾಚುತ್ತಿದ್ದ ಹೆಂಗಸರು ಈಕೆಯ ಬಳಿ ಬಂದರು. ಐವತ್ತರ ಹೊತ್ತಿಗೆ ತಾನು ನೋಡಿದ 31 ಮಂದಿಯ ವೃತ್ತಾಂತವನ್ನು ಬರೆದಿಟ್ಟಳು. ಮಗ ಮರದ ಹಲಗೆಗಳ ಮೇಲೆ ಅಕ್ಷರ ಕೆತ್ತಿ 1511ರಲ್ಲಿ ಅದನ್ನು ಅಚ್ಚು ಹಾಕಿಸಿದ. ಆ 31 ಮಂದಿಯೂ ಹೆಂಗಸರು, ಹುಡುಗಿಯರು. ವಿಜಯನಗರದಲ್ಲಿ ಕೃಷ್ಣದೇವರಾಯ ಆಳುತ್ತಿದ್ದ ಕಾಲದಲ್ಲಿ ಚೀನದ ಒಬ್ಬ ಅಜ್ಜಿಯ ವಿದ್ಯೆ ಮೊಮ್ಮಗಳ ಮೂಲಕ ಪುಸ್ತಕವಾಯಿತು. ನಮ್ಮ ಸೂಲಗಿತ್ತಿಯರಿಗೂ ಇಂಥ ವಿದ್ಯೆ ಇದ್ದೀತು. ಬರೆದಿಟ್ಟವರು ಮಾತ್ರ ಅಪರೂಪ.

<b>ಸೂಜಿ ಡಬ್ಬಿಗೆ ಮರಳಿತು</b>

ಮಗಳ ಮಾತು ಮುಗಿದ ಮೇಲೆ ವೈದ್ಯೆ ತಾಯಿಯ ಕಡೆ ತಿರುಗಿದರು. ಅವಳ ಮುಖ ನೋಡಿ, ಕೆಳ ರೆಪ್ಪೆ ಎಳೆದು ನೋಡಿ, “ತಂಗಿ, ನಿಂದು ಹೆಂಗೈತಿ?” ಎಂದರು.

“ನಂದೇನ್ರಿ, ನಾ ಆರಾಮ ಅದೇನಿ.”

“ಮುಟ್ಟು?”

ತಾಯಿ ಮಗಳ ಕಡೆ ಒಮ್ಮೆ ನೋಡಿದಳು. ಚಿಗವ್ವನ ಕಡೆ ಒಮ್ಮೆ. ಆಮೇಲೆ ಮೆಲ್ಲಗೆ ಅಂದಳು: “ಹದಿನೈದು ದಿನಾ ಆದ್ರೂ ನಿಲ್ಲಂಗಿಲ್ರಿ. ಎರಡ ವರ್ಷ ಆತು.”

ಎರಡು ವರ್ಷ! ಹೊಲದಲ್ಲಿ ಕಸ ತೆಗೆಯುವಾಗ ಕಣ್ಣು ಕತ್ತಲಿಟ್ಟು ಕೂತದ್ದು, ನೀರಿನ ಕೊಡ ಎತ್ತಿದರೆ ಎದೆ ಹೊಡೆದುಕೊಳ್ಳುತ್ತಿದ್ದದ್ದು, ಎಲ್ಲವನ್ನೂ ಅವಳು ‘ವಯಸ್ಸಾತು’ ಎಂದು ತಳ್ಳಿಹಾಕಿದ್ದಳು. ಅವಳಿಗೆ ಆಗಿದ್ದುದು ನಲವತ್ತನಾಲ್ಕು.

ವೈದ್ಯೆ ಹೊರಗಿಟ್ಟಿದ್ದ ಸೂಜಿಯ ಪೊಟ್ಟಣವನ್ನು ಮರಳಿ ಡಬ್ಬಿಗೆ ಹಾಕಿದರು. “ಇದಕ್ಕ ನಾ ಸೂಜಿ ಚುಚ್ಚೂದಿಲ್ಲ. ಸೂಜಿ ರಕ್ತಾ ಕೊಡೂದಿಲ್ಲ. ಊರಿಗೆ ಹೋಗೂದೂ ಬ್ಯಾಡ, ನೆಟ್ಟಗ ಬೆಳಗಾವಿ ದವಾಖಾನಿಗೆ ಹೋಗ್ರಿ. ಮೊದಲು ರಕ್ತಾ ತಪಾಸ, ಆಮ್ಯಾಲೆ ಹೊಟ್ಟಿ ಸ್ಕ್ಯಾನಿಂಗ್.”

ಬೆಳಗಾವಿಯಲ್ಲಿ ತಾಯಿಯ ಹಿಮೋಗ್ಲೋಬಿನ್ 6.8 ಎಂದು ಗೊತ್ತಾಯಿತು. ಹೆಂಗಸರಿಗೆ ಅದು 12ಕ್ಕಿಂತ ಕೆಳಗಿರಬಾರದು. ಗರ್ಭಕೋಶದಲ್ಲಿ ನಾರುಗಡ್ಡೆ ಬೆಳೆದಿತ್ತು. ಕ್ಯಾನ್ಸರ್ ಅಲ್ಲವೆಂದು ಪರೀಕ್ಷೆಯಿಂದ ಖಚಿತವಾಗುವವರೆಗೆ ಮನೆಯವರಿಗೆ ಅನ್ನ ಇಳಿಯಲಿಲ್ಲ. ಎರಡು ಬಾಟ್ಲಿ ರಕ್ತ ಕೊಟ್ಟರು. ‘ಗರ್ಭಕೋಶ ತೆಗೆಸಿಬಿಡಿ’ ಎಂದು ಬಂಧುಗಳು ಹೇಳಿದಾಗ, ಅದೊಂದೇ ದಾರಿಯಲ್ಲ, ರಕ್ತಸ್ರಾವ ತಡೆಯುವ ಔಷಧಗಳಿವೆ, ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆಯೂ ಇದೆ ಎಂದು ಆಸ್ಪತ್ರೆಯ ವೈದ್ಯೆ ಬಿಡಿಸಿ ಹೇಳಿದರು. ಈ ಮಾತು ಎಲ್ಲ ಮನೆಗಳೂ ನೆನಪಿಡಬೇಕಾದದ್ದು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಮಾರ್ಗಸೂಚಿ ಪಾಲಿಸಬೇಕೆಂದು ರಾಜ್ಯಗಳಿಗೆ ಸುಪ್ರೀಂ ಕೋರ್ಟೇ 2023ರಲ್ಲಿ ಹೇಳಬೇಕಾಯಿತು.

ಇಂಥ ರಕ್ತಹೀನತೆ ಅಪರೂಪದ ಸಂಗತಿಯೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಎಲ್ಲರೂ ‘ತಡಕೊಂಡೇ’ ಇದ್ದಾರೆ.

<b>ಸೂಜಿಯಿಂದ ಆಗುವುದು, ಆಗದ್ದು</b>

ಹಾಗಾದರೆ ಆ ಸೂಜಿಗೆ ಏನು ಅರ್ಥ? ವಿಜ್ಞಾನದ ವಿದ್ಯಾರ್ಥಿನಿಯಾದ ಮಗಳು ಕೇಳಿಕೊಂಡ ಪ್ರಶ್ನೆ ಇದು.

ಚೀನೀ ಶಾಸ್ತ್ರದ ಪ್ರಕಾರ ದೇಹದಲ್ಲಿ ‘ಚೀ’ ಎಂಬ ಶಕ್ತಿ ಕೆಲವು ನಾಳಗಳಲ್ಲಿ ಹರಿಯುತ್ತದೆ. ಅದು ಕಟ್ಟಿಕೊಂಡಲ್ಲಿ ನೋವು. ನಾಳಗಳ ಮೇಲಿನ 361 ಬಿಂದುಗಳಲ್ಲಿ ಬೇಕಾದುದನ್ನು ಆರಿಸಿ, ಕೂದಲಿನಷ್ಟು ತೆಳ್ಳನೆಯ ಸೂಜಿ ಚುಚ್ಚಿ ಹರಿವನ್ನು ಸರಿಪಡಿಸಬೇಕು. ಇಂಥ ನಾಳಗಳು ಅಂಗರಚನಾ ಶಾಸ್ತ್ರಕ್ಕೆ ಸಿಕ್ಕಿಲ್ಲ. ಆದರೆ ಸೂಜಿ ಚುಚ್ಚಿದಾಗ ನರಗಳು ಪ್ರಚೋದನೆಗೊಂಡು, ನೋವು ತಗ್ಗಿಸುವ ಎಂಡಾರ್ಫಿನ್‌ನಂಥ ರಾಸಾಯನಿಕಗಳನ್ನು ದೇಹವೇ ಬಿಡುಗಡೆ ಮಾಡುತ್ತದೆಂಬುದು ಪ್ರಯೋಗಗಳಿಂದ ಕಂಡಿದೆ.

ಆರೈಕೆಯ ಸಮಾಧಾನ ಎಷ್ಟು, ಸೂಜಿಯ ಗುಣ ಎಷ್ಟು ಎಂದು ಬೇರೆ ಮಾಡುವುದು ಹೇಗೆ? ಇದಕ್ಕೆ ಸಂಶೋಧಕರು ಹೂಡಿದ ಉಪಾಯ ನಾಟಕ ನೋಡಿದವರಿಗೆ ಥಟ್ಟನೆ ತಿಳಿಯುತ್ತದೆ. ಕಂಪನಿ ನಾಟಕದಲ್ಲಿ ಖಳನಾಯಕ ಇರಿಯುವ ಚೂರಿಯ ಅಲಗು ಹಿಡಿಯೊಳಗೆ ಸರಿದುಹೋಗುವುದಿಲ್ಲವೇ? ಹಾಗೆಯೇ ಒಳಗೆ ಸರಿಯುವ ಹುಸಿ ಸೂಜಿಯನ್ನು ಮಾಡಿದರು. ಅರ್ಧ ಜನಕ್ಕೆ ನಿಜ ಸೂಜಿ, ಅರ್ಧ ಜನಕ್ಕೆ ಹುಸಿ ಸೂಜಿ. ತಮಗೆ ಯಾವುದು ಎಂಬುದು ರೋಗಿಗಳಿಗೆ ತಿಳಿಯದು. ಕೊನೆಗೆ ಎರಡೂ ಗುಂಪುಗಳನ್ನು ಹೋಲಿಸಿ ನೋಡುವುದು.

ಹೀಗೆ ಒರೆಗೆ ಹಚ್ಚಿದಾಗ ಸೂಜಿ ಕೆಲವು ಕಡೆ ಗೆದ್ದಿದೆ. ಮುಂಗೈಯ ಒಳಬದಿಯಲ್ಲಿ, ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲಿರುವ ‘ನೇಯ್‌ಗ್ವಾನ್’ ಬಿಂದುವನ್ನು ಪ್ರಚೋದಿಸಿದರೆ ಶಸ್ತ್ರಚಿಕಿತ್ಸೆಯ ನಂತರದ ವಾಂತಿ, ವಾಕರಿಕೆ ಕಡಿಮೆಯಾಗುತ್ತದೆಂದು 2015ರ ಪ್ರಯೋಗಗಳ ವಿಮರ್ಶೆ ಹೇಳಿತು. ಕೆಮ್ಮಿದರೆ, ಸೀನಿದರೆ ಮೂತ್ರ ಜಾರುವುದು ಹೆತ್ತ ತಾಯಂದಿರು ಯಾರಿಗೂ ಹೇಳದೆ ಅನುಭವಿಸುವ ಕಷ್ಟ. ಚೀನದಲ್ಲಿ 504 ಮಹಿಳೆಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ವಾರಗಳಲ್ಲಿ 18 ಸಲ ಸೂಜಿಯ ಮೂಲಕ ಅಲ್ಪ ವಿದ್ಯುತ್ ಹಾಯಿಸಿದಾಗ ಈ ತೊಂದರೆ ಹುಸಿ ಸೂಜಿಗಿಂತ ಹೆಚ್ಚು ತಗ್ಗಿತು. ಗರ್ಭದಲ್ಲಿ ಮಗು ತಲೆ ಮೇಲಾಗಿದ್ದರೆ ತಾಯಿಯ ಕಾಲಿನ ಕಿರುಬೆರಳ ಬಳಿ ಒಣ ಎಲೆಯ ಬತ್ತಿಯಿಂದ ಶಾಖ ಕೊಡುವ ‘ಮಾಕ್ಸಾ’ ಪದ್ಧತಿಯೊಂದಿದೆ. ಮಾಮೂಲಿ ಆರೈಕೆಯ ಜತೆಗೆ ಇದನ್ನು ಮಾಡಿದರೆ ಮಗು ತಿರುಗುವ ಸಂಭವ ಹೆಚ್ಚೆಂದು 2023ರ ವಿಮರ್ಶೆಯೊಂದು ಕಂಡುಕೊಂಡಿತು. ಇದು ನಮ್ಮ ಹಳ್ಳಿಗಳಲ್ಲಿ ಕಾದ ಕಬ್ಬಿಣದಿಂದ ಬರೆ ಹಾಕುವಂಥದಲ್ಲ, ಚರ್ಮ ಸುಡದಂತೆ ದೂರದಿಂದ ಕೊಡುವ ಬಿಸುಪು. ಅದನ್ನೂ ಹೆರಿಗೆ ವೈದ್ಯರ ಕಣ್ಣಳತೆಯಲ್ಲೇ ಮಾಡಬೇಕು.

ಕೆಲವು ಕಡೆ ಸೂಜಿ ಸೋತಿದೆ. ಈಗ ಕಾಲೇಜು ಹುಡುಗಿಯರಲ್ಲಿ ಕೇಳಿಬರುವ ‘ಪಿಸಿಓಎಸ್’ ಇರುವ 1000 ಚೀನೀ ಮಹಿಳೆಯರ 2017ರ ಅಧ್ಯಯನದಲ್ಲಿ, ಮಕ್ಕಳಾಗುವ ಸಂಭವವನ್ನು ಹೆಚ್ಚಿಸಿದ್ದು ಮಾತ್ರೆ, ಸೂಜಿಯಲ್ಲ. ಪ್ರನಾಳ ಶಿಶು ಚಿಕಿತ್ಸೆಯ ಜತೆ ಸೂಜಿ ಚುಚ್ಚಿಸಿಕೊಂಡ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಮಹಿಳೆಯರಲ್ಲಿ ನೂರಕ್ಕೆ 18.3 ಮಂದಿಗೆ ಮಗುವಾದರೆ, ಹುಸಿ ಸೂಜಿಯವರಲ್ಲಿ 17.8 ಮಂದಿಗೆ ಆಯಿತು. 2018ರ ಈ ಫಲಿತಾಂಶದಲ್ಲಿ ವ್ಯತ್ಯಾಸ ಇಲ್ಲವೆಂದೇ ಲೆಕ್ಕ. ಸೂಜಿಯಿಂದ ಸಂತಾನ ಖಾತರಿ ಎಂದು ಹಣ ಕೇಳುವವರ ಮುಂದೆ ಈ ಅಂಕಿಗಳನ್ನು ಇಡಬಹುದು.

ಮಗಳ ಮುಟ್ಟಿನ ನೋವಿಗೆ? 42 ಪ್ರಯೋಗಗಳನ್ನು ಜಾಲಿಸಿ ನೋಡಿದ 2016ರ ವಿಮರ್ಶೆ, ಹೌದು ಎನ್ನಲೂ ಇಲ್ಲ ಎನ್ನಲೂ ಸಾಕಷ್ಟು ಗಟ್ಟಿ ಆಧಾರವಿಲ್ಲ ಎಂದಿತು. ಆದರೆ ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲದಂಥ ಮಾತ್ರೆಗಳು ಹೆಚ್ಚಿನವರಿಗೆ ಗುಣ ಕೊಡುತ್ತವೆಂಬುದರಲ್ಲಿ ಅನುಮಾನವಿಲ್ಲ. ಹೊಟ್ಟೆಹುಣ್ಣು, ಆಸ್ತಮಾ ಇರುವವರು ಮಾತ್ರ ವೈದ್ಯರನ್ನು ಕೇಳದೆ ನುಂಗಬಾರದು. ಬಿಸಿ ಶಾಖವೂ ಗುಣ ಕೊಡುತ್ತದೆ. ತಾಯಿಯ ಹಂಚಿನ ಅರಿವೆ ಸುಳ್ಳಾಗಿರಲಿಲ್ಲ! ಮಾತ್ರೆಗೂ ಬಗ್ಗದ, ವರ್ಷದಿಂದ ವರ್ಷಕ್ಕೆ ಏರುವ ನೋವಾದರೆ ಮಾತ್ರ ಬೇರೆ ಕಾರಣ ಹುಡುಕಬೇಕು. ಗರ್ಭಕೋಶದ ಒಳಪದರದಂಥದೇ ಪದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ ಹೆರುವ ವಯಸ್ಸಿನ ಹತ್ತರಲ್ಲಿ ಒಬ್ಬರಿಗಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದು ಪತ್ತೆಯಾಗಲು ವರ್ಷಗಟ್ಟಲೆ ತಡವಾಗುವುದು ‘ತಡಕೋ’ ಎಂಬ ಮಾತಿನಿಂದಲೂ ಹೌದು.

<b>ದವನದ ಕುಲ, ಈಶ್ವರಿಯ ಬಳ್ಳಿ</b>

ಚೀನೀ ವೈದ್ಯವೆಂದರೆ ಸೂಜಿಯಷ್ಟೇ ಅಲ್ಲ, ಗಿಡಮೂಲಿಕೆಗಳೂ ಹೌದು. ಅವುಗಳ ಎರಡು ಮುಖವನ್ನು ನಮ್ಮ ಗಿಡಗಳಿಂದಲೇ ನೋಡಬಹುದು. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಚೈತ್ರದಲ್ಲಿ ದವನದ ಹುಣ್ಣಿಮೆ ಜಾತ್ರೆ. ಆ ಪರಿಮಳದ ದವನ ‘ಆರ್ಟಿಮೀಸಿಯಾ’ ಕುಲದ್ದು. ಮಾಕ್ಸಾ ಬತ್ತಿಗೆ ಬಳಸುವ ಎಲೆಯೂ ಅದೇ ಕುಲ. ಅದೇ ಕುಲದ ಇನ್ನೊಂದು ಗಿಡದಿಂದ, ಹಳೆಯ ಗ್ರಂಥದ ಸುಳಿವು ಹಿಡಿದು, ಮಲೇರಿಯಾಕ್ಕೆ ಆರ್ಟಿಮಿಸಿನಿನ್ ಔಷಧ ಹೊರತೆಗೆದ ಚೀನದ ತೂ ಯೂಯೂ ಎಂಬ ಮಹಿಳೆಗೆ 2015ರಲ್ಲಿ ನೊಬೆಲ್ ಬಂದಿತು. ಆಕೆ ಹಳೆಯ ಪುಸ್ತಕವನ್ನು ನಂಬಿ ಸುಮ್ಮನಾಗಲಿಲ್ಲ. ಪ್ರಯೋಗಾಲಯದಲ್ಲಿ ಸೋಸಿದಳು, ತನ್ನ ಮೇಲೆಯೇ ಮೊದಲು ಪ್ರಯೋಗಿಸಿಕೊಂಡಳು.

ಇನ್ನೊಂದು ಮುಖ ಕಹಿಯಾದದ್ದು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆಯ ಗುಳಿಗೆ ತಿಂದ ಎಷ್ಟೋ ಮಹಿಳೆಯರ ಮೂತ್ರಪಿಂಡಗಳು ಕೆಟ್ಟುಹೋದವು. ಕೆಲವರಿಗೆ ಕ್ಯಾನ್ಸರೂ ಬಂತು. ಒಂದು ಮೂಲಿಕೆಯ ಬದಲು ‘ಅರಿಸ್ಟಲೋಕಿಯಾ’ ಕುಲದ ಬೇರು ಬೆರೆತಿತ್ತು. ನಮ್ಮಲ್ಲಿ ಹಾವಿನ ವಿಷಕ್ಕೆ, ಹೊಟ್ಟೆನೋವಿಗೆ ನಾಟಿ ಔಷಧವೆಂದು ಕೊಡುವ ಈಶ್ವರಿ ಬಳ್ಳಿಯೂ ಅದೇ ಕುಲದ್ದು! ‘ಗಿಡಮೂಲಿಕೆ, ಅಡ್ಡ ಪರಿಣಾಮವಿಲ್ಲ’ ಎಂಬ ಮಾತು ಚೀನದ್ದಕ್ಕೂ ಸಲ್ಲದು, ನಮ್ಮದಕ್ಕೂ ಸಲ್ಲದು.

ಕೇಂದ್ರ ಸರಕಾರ ಆಕ್ಯುಪಂಕ್ಚರನ್ನು 2003ರಲ್ಲಿ ಒಂದು ಚಿಕಿತ್ಸಾ ಕ್ರಮವೆಂದೂ, 2019ರಲ್ಲಿ ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದೂ ಮಾನ್ಯ ಮಾಡಿತು. ಹಾಗೆಂದು ಬೋರ್ಡು ಹಾಕಿದವರೆಲ್ಲ ಕಲಿತವರೆಂದು ತಿಳಿಯಬಾರದು. ಎಲ್ಲಿ ಕಲಿತಿರಿ ಎಂದು ಕೇಳಬೇಕು. ಸೂಜಿಯ ಪೊಟ್ಟಣವನ್ನು ಕಣ್ಣೆದುರೇ ಒಡೆದು, ಒಮ್ಮೆ ಬಳಸಿದ್ದನ್ನು ಎಸೆಯಬೇಕು. ಇಲ್ಲವಾದರೆ ಕಾಮಾಲೆಯಂಥ ರೋಗ ಒಬ್ಬರಿಂದೊಬ್ಬರಿಗೆ ದಾಟುತ್ತದೆ. ಎದೆಯ ಭಾಗದಲ್ಲಿ ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೇ ಅಪಾಯ. ಇದ್ದ ಮಾತ್ರೆಗಳನ್ನು ಬಿಡಿ ಎನ್ನುವವರಿಂದ ದೂರವಿರಬೇಕು. ಸೊಲ್ಲಾಪುರದ ಆ ವೈದ್ಯೆಯ ಹಾಗೆ, ಇದು ನನ್ನಿಂದಾಗದು ಎಂದು ಹೇಳಬಲ್ಲವರೇ ನಂಬಿಕೆಗೆ ಅರ್ಹರು.

<b>ಗೋಡೆಯ ಕ್ಯಾಲೆಂಡರು</b>

ಮಗಳಿಗೆ ಬೆಳಗಾವಿಯಲ್ಲೇ ತಪಾಸಣೆಯಾಯಿತು. ಗಡ್ಡೆಯೇನೂ ಇರಲಿಲ್ಲ. ನೋವು ಶುರುವಾಗುವ ಮುನ್ಸೂಚನೆ ಕಂಡ ಕೂಡಲೇ, ಊಟದ ಮೇಲೆ ನುಂಗಲು ಮಾತ್ರೆ ಬರೆದುಕೊಟ್ಟರು. ರಕ್ತ ಕಡಿಮೆಯಿದ್ದುದರಿಂದ ಕಬ್ಬಿಣಾಂಶದ ಮಾತ್ರೆಯನ್ನೂ ಕೊಟ್ಟರು. ಚಿಗವ್ವನ ಒತ್ತಾಯಕ್ಕೆ ಮುಂದೆ ನಾಲ್ಕು ಸಲ ಸೂಜಿಯೂ ಆಯಿತು. ಇರುವೆ ಕಚ್ಚಿದಷ್ಟೂ ನೋಯಲಿಲ್ಲ ಎಂದು ಅವಳು ಗೆಳತಿಯರಿಗೆ ಹೇಳಿದಳು. ನೋವು ತಗ್ಗಿದ್ದು ಮಾತ್ರೆಯಿಂದಲೋ, ಸೂಜಿಯಿಂದಲೋ? “ಹುಸಿ ಸೂಜಿ ಚುಚ್ಚಿಸಿಕೊಂಡ ಇನ್ನೊಬ್ಬ ನಾನು ಇದ್ದಿದ್ದರ ಹೇಳಬಹುದಿತ್ತು” ಎಂದು ನಗುತ್ತಾಳೆ. ವಿಜ್ಞಾನ ಓದಿದ್ದು ಸಾರ್ಥಕವಾಯಿತು!

ಆ ಮಾರ್ಚಿನಲ್ಲಿ ರಸಾಯನಶಾಸ್ತ್ರದ ಪೇಪರನ್ನು ಪೂರ್ತಿ ಮೂರು ತಾಸು ಕೂತು ಬರೆದಳು. ತಾಯಿ ಔಷಧದಲ್ಲೇ ಸುಧಾರಿಸಿಕೊಂಡು, ಮುಂದಿನ ಸುಗ್ಗಿಯ ಹೊತ್ತಿಗೆ ಕೊಡ ಎತ್ತುವಷ್ಟಾದಳು. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಈಗ ಎರಡು ಬಗೆಯ ಗುರುತುಗಳಿವೆ. ಒಂದು ತಾಯಿಯದು, ಒಂದು ಮಗಳದು. ಮೊದಮೊದಲು ಇದನ್ನು ಕಂಡು ಮುಖ ತಿರುಗಿಸುತ್ತಿದ್ದ ತಂದೆ, ಬೈಲಹೊಂಗಲದ ಸಂತೆಗೆ ಹೋಗುವ ಮುನ್ನ ತಾನೇ ಕೇಳುತ್ತಾನೆ: “ಗುಳಿಗಿ ಮುಗದಾವೇನು? ತರಲೇನು?”

ಆ ಮನೆಯಲ್ಲಿ ‘ತಡಕೋ’ ಎಂಬ ಮಾತು ಪೂರಾ ಹೋಗಿಲ್ಲ. ಆದರೆ ಅದಕ್ಕಿಂತ ಮೊದಲು ಈಗ ಇನ್ನೊಂದು ಮಾತು ಬರುತ್ತದೆ: “ಎಷ್ಟ ದಿನಾ ಆತವ್ವಾ?”